ಉಪ್ಪಿನ ಕೆಳಗಿಟ್ಟ ಕಮಾನು

ಗಂಡನ ಹೆಸರು ಹೇಳಬಾರದೆಂದು ನನ್ನ ಅತ್ತೆ ಕಲಿಸಿದ್ದರು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಇನ್ನು ಹೇಳಿದರೆ ಎದ್ದು ಬಂದು ಬೈಯುವವರು ಯಾರೂ ಇಲ್ಲ. ಪೂವಪ್ಪ. ಬಿಕರ್ನಕಟ್ಟೆಯಲ್ಲಿ ಕಾರು ರಿಪೇರಿ ಮಾಡುತ್ತಿದ್ದರು. ಮನೆಯ ಎದುರು ಹಂಚಿನ ಮಾಡಿನ ಒಂದು ಶೆಡ್ಡು, ಅದರೊಳಗೆ ಅವರು, ಅವರ ಮೈಮೇಲೆ ಗ್ರೀಸು. ಕೈ ಚುರುಕು, ಬಾಯಿ ಮಾತ್ರ ಇಲ್ಲವೇ ಇಲ್ಲ. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ, "ಆಯ್ತು." ಅಕ್ಕಿ ಮುಗಿಯಿತು ಎಂದರೂ ಆಯ್ತು, ಮಾಡು ಸೋರುತ್ತದೆ ಎಂದರೂ ಆಯ್ತು. ಆ ಒಂದು ಮಾತಿನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಆರಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮ ಪಾಗಾರದ ಆಚೆ ಮೊಯ್ದೀನಬ್ಬ ಬ್ಯಾರಿಗಳ ಮನೆ. ಬಂದರಿನಲ್ಲಿ ಅವರಿಗೆ ಉಪ್ಪಿನದ್ದೂ ಒಣಮೀನಿನದ್ದೂ ವ್ಯಾಪಾರ, ಅಲ್ಲೇ ಗೋದಾಮು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಅವರನ್ನು ಬೈಯುವಾಗ ನಿಮಗೆ ನೆನಪಿರಲಿ. ಅವರ ಹೆಂಡತಿ ಮುಮ್ತಾಝ್ ಎರಡನೆಯ ಹೆರಿಗೆಯಲ್ಲಿ ಕಷ್ಟವಾಗಿ, ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವಾಗ ನಂತೂರಿನ ಇಳಿಜಾರಿನಲ್ಲಿ ತೀರಿಹೋದರು. ಮೊದಲ ಮಗು ಝುಬೈದಾ ಆಗಿನ್ನೂ ತೊದಲು ಮಾತಿನವಳು. ನನಗೆ ಮಕ್ಕಳಿಲ್ಲ. ಪಾಗಾರದಲ್ಲಿ ಒಂದು ಕಲ್ಲು ಬಿದ್ದು ಕಿಂಡಿಯಾಗಿತ್ತು. ಆ ಹುಡುಗಿ ಅದರಲ್ಲಿ ನುಸುಳಿ ಬಂದು ನನ್ನ ಅಡುಗೆಮನೆಯಲ್ಲೇ ದೊಡ್ಡವಳಾದಳು. ಅವಳು ದಪ್ಪಗಾದ ಹಾಗೆ ಕಿಂಡಿಯನ್ನೂ ದೊಡ್ಡದು ಮಾಡಿದೆವು.

ಅವಳಿಗೆ ರವೂಫ್ ಎಂಬ ಹುಡುಗನ ಜೊತೆ ಮದುವೆಯಾಯಿತು. ಅವರಲ್ಲಿ ಅಳಿಯನೇ ಹೆಂಡತಿಯ ಮನೆಗೆ ಬರುವುದು, ಹಾಗಾಗಿ ಝುಬೈದಾ ನಮ್ಮ ಪಕ್ಕದಲ್ಲೇ ಉಳಿದಳು. ಮದುವೆಯ ವರ್ಷ ಮೊಯ್ದೀನಬ್ಬ ಒಂದು ಹಳೆಯ ಅಮೆರಿಕದ ಕಾರು ತಂದರು. ಘಟ್ಟದ ಮೇಲಿನ ಯಾವುದೋ ಕಾಫಿ ತೋಟದ ದೊರೆ ಓಡಿಸಿ, ಅವನಿಂದ ಒಬ್ಬ ವಕೀಲರು ಕೊಂಡು ಓಡಿಸಿ, ಸಾಕಾಗಿ ಬಿಟ್ಟದ್ದು. ನಾನು ನಗಾಡಿದೆ.

"ಸಾಹುಕಾರ್ರೇ, ಇದು ಕಾರಾ, ಇಲ್ಲ ಕೋಳಿಗೂಡಾ?" ಎಂದು ಕೇಳಿದೆ.

ಅವರು ನಗಲಿಲ್ಲ. "ನನ್ನ ಮಗಳು ಹೆರಿಗೆಗೆ ಎತ್ತಿನ ಗಾಡಿಯಲ್ಲಿ ಹೋಗುವುದಿಲ್ಲ ಅಮ್ಮಣಿ. ಅಷ್ಟಕ್ಕೆ ಇದು," ಎಂದರು. ನಾನು ಆಮೇಲೆ ಆ ಕಾರನ್ನು ಹಾಸ್ಯ ಮಾಡಲಿಲ್ಲ.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ಬರ್ಮಾ ಜಪಾನಿನವರ ಕೈಗೆ ಹೋಗಿತ್ತು. ರವೂಫ್ ವ್ಯಾಪಾರಕ್ಕೆಂದು ಕೊಲಂಬೊಗೆ ಹೋದವನು ಹಡಗಿಲ್ಲದೆ ಅಲ್ಲೇ ಸಿಕ್ಕಿಬಿದ್ದ. ಅವನು ಹೋದ ಸ್ವಲ್ಪ ದಿನಕ್ಕೆ ಝುಬೈದಾ ಬಸುರಿ ಎಂದು ತಿಳಿಯಿತು. ಬೇಸಿಗೆಯಲ್ಲಿ ಬರುವ ನಮ್ಮ ಹೊಸ ವರ್ಷದ ಬಿಸು ಹಬ್ಬ ಕಳೆದ ಮೇಲೆ ಹೆರಿಗೆ ಎಂದು ಬಾಗಿ ಎಂಬ ಸೂಲಗಿತ್ತಿ ಲೆಕ್ಕ ಹಾಕಿ ಹೇಳಿದಳು. ಮೊಯ್ದೀನಬ್ಬ ತಮ್ಮ ಪಾಲಿಗೆ ಬರುವ ಪೆಟ್ರೋಲನ್ನು ಒಂದು ತೊಟ್ಟೂ ಸುಡದೆ ತಗಡಿನ ಡಬ್ಬಿಯಲ್ಲಿ ತುಂಬಿಸಿ ಮಂಚದ ಕೆಳಗೆ ಇಟ್ಟರು. ತಾವು ಬಂದರಿಗೆ ನಡೆದುಕೊಂಡು ಹೋಗತೊಡಗಿದರು. ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ.

ಕಾರಿಗೆ ಒಂದು ರೋಗವಿತ್ತು. ಹಿಂದಿನ ಭಾಗ ಕೂತುಹೋಗಿತ್ತು, ಮುದಿ ಎಮ್ಮೆ ಏಳಲಾಗದೆ ಕೂತ ಹಾಗೆ. ಹಿಂದಿನ ಚಕ್ರಗಳ ಮೇಲೆ ಕಾರಿನ ಭಾರವನ್ನು ಹೊರುವುದು ಕಮಾನು. ಎಂದರೆ ಬಗ್ಗಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಉದ್ದದ್ದರ ಕೆಳಗೆ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು. ಒಂದೊಂದು ಬದಿಗೆ ಒಂದೊಂದು. ಎರಡರದ್ದೂ ಬೆನ್ನು ಚಪ್ಪಟೆಯಾಗಿತ್ತು, ಒಂದರಲ್ಲಿ ದೊಡ್ಡ ಪಟ್ಟಿಯೇ ಸೀಳಿತ್ತು. "ಇದರಲ್ಲಿ ಬಸುರಿ ಹೆಂಗಸನ್ನು ಕೂರಿಸಬಾರದು, ಬದಲಿಸಬೇಕು," ಎಂದು ಪೂವಪ್ಪ ಹೇಳಿದರು. ಅವರ ಮಟ್ಟಿಗೆ ಅದು ಒಂದು ಭಾಷಣವೇ. ಮೊಯ್ದೀನಬ್ಬ ಯಾರು ಯಾರನ್ನೋ ಹಿಡಿದು ಮದರಾಸಿನ ಒಂದು ಅಂಗಡಿಯ ಮೂಲೆಯಲ್ಲಿ ಉಳಿದಿದ್ದ ಹೊಸ ಜೋಡಿಯನ್ನು ತರಿಸಿದರು. ಯುದ್ಧಕಾಲದಲ್ಲಿ ಒಂದು ಸೂಜಿ ಸಿಗುವುದೇ ಕಷ್ಟ, ಕಮಾನು ಸಿಕ್ಕಿದ್ದು ದೊಡ್ಡದು.

ಆದರೆ ಹೊಸದನ್ನು ಹಾಕುವ ಮುಂಚೆ ಹಳೆಯದು ಬಿಚ್ಚಬೇಕಲ್ಲ. ನಮ್ಮ ಕಡಲ ಗಾಳಿಗೆ ಅದರ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಬಲ ಹಾಕಿದರೆ ಮುರಿಯುತ್ತದೆ, ಮುರಿದರೆ ಬೇರೆ ಸಿಗುವುದಿಲ್ಲ. ದಿನಾ ಎಣ್ಣೆ ಹಾಕಿ ನೆನೆಸಬೇಕು, ತಾಳ್ಮೆ ಬೇಕು. ಸೀಮೆಎಣ್ಣೆ ದೀಪಕ್ಕೇ ಇಲ್ಲ. ಮೊಯ್ದೀನಬ್ಬ ಬಂದರಿನಿಂದ ಬೂತಾಯಿ ಮೀನಿನ ಎಣ್ಣೆ ತಂದರು. ದೋಣಿಗೆ ಬಳಿಯುವ ಆ ಎಣ್ಣೆಯ ನಾತವನ್ನು ನಾನು ಏನೆಂದು ಹೇಳಲಿ. ಊರಿನ ಕಾಗೆಗಳೆಲ್ಲ ನಮ್ಮ ಶೆಡ್ಡಿನ ಮೇಲೆ ಸಭೆ ಸೇರಿದವು. ಬೆಳಗ್ಗಿನ ನಮಾಜು ಮುಗಿಸಿ ಮೊಯ್ದೀನಬ್ಬ ತಾವೇ ಬರುತ್ತಿದ್ದರು, ಕುಕ್ಕುರುಗಾಲಿನಲ್ಲಿ ಕೂತು ಒಂದೊಂದೇ ಬೋಲ್ಟಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು.

"ಆಳು ಇಲ್ವಾ ನಿಮಗೆ?" ಎಂದು ನಾನು ಕೇಳಿದರೆ, "ನನ್ನ ಮಗಳ ಕೆಲಸ ಇದು, ಆಳಿಂದ ಮಾಡಿಸಲಿಕ್ಕೆ ಉಂಟಾ," ಎನ್ನುತ್ತಿದ್ದರು. "ನೆನೆಯಲಿ ಅಮ್ಮಣಿ. ಹೊತ್ತು ಉಂಟು."

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬೋಲ್ಟುಗಳು ಮಾತು ಕೇಳಿದವು. ಪೂವಪ್ಪ ಕಾರಿನ ಹಿಂಭಾಗವನ್ನು ಎತ್ತಿ ಮುರಕಲ್ಲುಗಳ ಮೇಲೆ ನಿಲ್ಲಿಸಿದರು, ಚಕ್ರದ ಅಚ್ಚಿಗೆ ಬೇರೆ ಕಲ್ಲು ಕೊಟ್ಟರು, ಹಳೆಯ ಎರಡೂ ಕಮಾನುಗಳನ್ನು ಬಿಚ್ಚಿ ಅಂಗಳಕ್ಕೆ ಎಳೆದು ಹಾಕಿದರು. ಮರುದಿನ ಹೊಸದು ಹಾಕುವುದೆಂದು ಮಾತು. ಅದೇ ಸಂಜೆ ಮೊಯ್ದೀನಬ್ಬ ಬಂದರಿನಿಂದ ಏದುಸಿರು ಬಿಡುತ್ತ ಬಂದರು. ಸರಕಾರದವರು ಮಿಲಿಟರಿಗೆ ಕಾರು ಹಿಡಿಯುತ್ತಿದ್ದಾರಂತೆ. ಓಡುವ ಸ್ಥಿತಿಯಲ್ಲಿದ್ದರೆ ಸಾಕು, ಹಗ್ಗ ಹಿಡಿದು ಕರುವನ್ನು ಒಯ್ದ ಹಾಗೆ ಒಯ್ಯುತ್ತಾರಂತೆ. ಹೇಳುತ್ತ ಹೇಳುತ್ತ ಅವರ ಕಣ್ಣು ಕಲ್ಲಿನ ಮೇಲೆ ನಿಂತ ಕಾರಿನ ಮೇಲೆ ಬಿತ್ತು. ಮುಖ ಅರಳಿತು.

"ಪೂವಪ್ಪ, ಇದು ಹೀಗೇ ಇರಲಿ ಮಾರಾಯ," ಎಂದರು. "ಕಮಾನು ಇಲ್ಲದ ಕಾರನ್ನು ಯಾರು ಒಯ್ತಾರೆ? ಕೇಳಿದರೆ ರಿಪೇರಿ ಆಗ್ತಾ ಉಂಟು ಅಂತ ಹೇಳುವ."

"ಆಯ್ತು," ಎಂದರು ನನ್ನ ಗಂಡ.

ನನಗೆ ತಡೆಯಲಿಲ್ಲ. "ಕಳ್ಳನಿಗೆ ಹೆದರಿ ಬಾಗಿಲೇ ಇಲ್ಲದ ಮನೆ ಕಟ್ಟುವವರು ಉಂಟಾ ಸಾಹುಕಾರ್ರೇ? ನಾಳೆ ಹುಡುಗಿಗೆ ನೋವು ಬಂದರೆ ಎಂತ ಮಾಡ್ತೀರಿ?"

"ನಾಳೆ ಎಲ್ಲಿ ಬರ್ತದೆ? ಬಿಸುವಿಗೆ ಇನ್ನೂ ಎಷ್ಟು ಸಮಯ ಉಂಟು. ತಿಂಗಳು ಹತ್ತಿರ ಬರುವಾಗ ಹಾಕಿಸ್ತೇನೆ, ಒಂದು ದಿನದ ಕೆಲಸ. ಈಗ ಹಾಕಿ, ಅವರು ಬಂದು ಒಯ್ದರೆ ಆ ದಿನ ನನ್ನ ಹತ್ತಿರ ಎಂತ ಉಳೀತದೆ? ಎತ್ತಿನ ಗಾಡಿ. ಗಾಡಿ ಬೇಡ ಅಮ್ಮಣಿ."

ಮುಮ್ತಾಝಳ ಹೆಸರು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಲ್ಲಿಗೆ ನನ್ನ ವಾದ ಮುಗಿಯಿತು.

ಹಳೆಯ ಕಮಾನುಗಳನ್ನು ಕಮ್ಮಾರ ಒಯ್ದು ಕತ್ತಿ ಮಾಡಿದ. ಉಕ್ಕಿಗೆ ಅಷ್ಟು ಬರಗಾಲ. ಹೊಸದನ್ನು ಎಲ್ಲಿಡುವುದು? ಶೆಡ್ಡಿನಲ್ಲಿ ಸರಕಾರದವರ ಕಣ್ಣಿಗೆ ಬಿದ್ದರೆ, ಹಾಕಿಕೊಡು ಎಂದು ಹೇಳಿ ಹಾಕಿಸಿಯೇ ಒಯ್ದಾರು. ಮೊಯ್ದೀನಬ್ಬ ಯೋಚಿಸಿ ಉಪಾಯ ಕಂಡುಹಿಡಿದರು. ಬಂದರಿನ ಗೋದಾಮಿನಲ್ಲಿ ಮಾಡು ಮುಟ್ಟುವಷ್ಟು ಎತ್ತರದ ಉಪ್ಪಿನ ರಾಶಿ ಇತ್ತಲ್ಲ, ಅದರ ಅಡಿಗೆ.

ಆಗ ಪೂವಪ್ಪ ಬಾಯಿ ಬಿಟ್ಟರು. "ಉಪ್ಪು ಕಬ್ಬಿಣಕ್ಕೆ ಆಗುವುದಿಲ್ಲ," ಎಂದರು.

ಮೊಯ್ದೀನಬ್ಬ ನಕ್ಕರು. ಹುಟ್ಟಿದಂದಿನಿಂದ ಉಪ್ಪಿನ ಜೊತೆ ಬದುಕಿದ ಮನುಷ್ಯ. "ನನ್ನ ಅಜ್ಜನ ಕಾಲದಿಂದ ಉಪ್ಪಿನಲ್ಲಿಟ್ಟದ್ದು ಯಾವುದು ಹಾಳಾಗಿದೆ ಹೇಳು. ನಾತ ಬರುವ ಮೀನು ವರ್ಷಗಟ್ಟಲೆ ನಿಲ್ತದೆ, ಇದು ಉಕ್ಕು. ಒಳ್ಳೆ ಎಣ್ಣೆ ಬಳಿದು ಗೋಣಿ ಸುತ್ತಿ ಇಡುವ."

ಪೂವಪ್ಪ ನೆಲ ನೋಡಿದರು. ಆಮೇಲೆ "ಆಯ್ತು" ಎಂದರು. ಎಣ್ಣೆ ಬಳಿದರು, ಗೋಣಿ ಸುತ್ತಿದರು, ಹೊಲಿದರು. ಗೋದಾಮಿಗೆ ದಿನಾ ಹೋಗಿ ಬರುವ ಮೊಯ್ದೀನಬ್ಬರ ಆಳು ಬಶೀರನ ಎತ್ತಿನ ಗಾಡಿಯಲ್ಲಿ ಅವು ಬಂದರಿಗೆ ಹೋದವು. ಮೀನಿನ ವ್ಯಾಪಾರಿಗಲ್ಲದೆ ಬೇರೆ ಯಾರಿಗಾದರೂ ಈ ಬುದ್ಧಿ ಹೊಳೆಯುತ್ತಿತ್ತೇ? ಅಡುಗೆಮನೆಯ ಉಪ್ಪಿನ ಮರಿಗೆಯಲ್ಲಿ ಒಂದು ಮೊಳೆ ಹಾಕಿಟ್ಟು ನೋಡಿದ್ದರೆ ಸಾಕಿತ್ತು.

ಕಾರು ಕಲ್ಲಿನ ಮೇಲೆ ಕೂತಿತು. ಪೂವಪ್ಪ ಆಗಾಗ ಇಂಜಿನು ಶುರು ಮಾಡಿ ಸ್ವಲ್ಪ ಹೊತ್ತು ಬಿಡುತ್ತಿದ್ದರು, ಅದು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಝುಬೈದಾಗೆ ಅದು ಆಟ. ಮಧ್ಯಾಹ್ನ ಮನೆಯಲ್ಲಿ ಗಂಡಸರಿಲ್ಲದಾಗ ಕಿಂಡಿಯಲ್ಲಿ ನುಸುಳಲಾಗದೆ ಸುತ್ತು ಬಳಸಿ ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ನನ್ನನ್ನು ಮುಂದೆ ಕೂರಿಸುತ್ತಿದ್ದಳು.

"ಡ್ರೈವರ್, ಹಂಪನಕಟ್ಟೆಗೆ ಬಿಡಿ."

"ನಿನ್ನ ಗಂಡ ಎಲ್ಲಿ ಅಮ್ಮ?"

"ಅವರನ್ನೇ ಕರೆದುಕೊಂಡು ಬರಲಿಕ್ಕೆ ಹೋಗುವುದು. ಹಡಗು ಬಂದಿದೆ." ಹೊಟ್ಟೆಯ ಮೇಲೆ ಕೈ ಇಟ್ಟು ಕಿಲಕಿಲ ನಗುತ್ತಿದ್ದಳು. ನಂತೂರು ಬಂತು, ಮಲ್ಲಿಕಟ್ಟೆ ಬಂತು ಎಂದು ನಾನು ಹೇಳುತ್ತ ಹೋಗಬೇಕು. ಒಂದು ದಿನ ನಂತೂರು ಎನ್ನುವಾಗ ಅವಳು ನಗು ನಿಲ್ಲಿಸಿದಳು.

"ಅಮ್ಮಣಿಯಕ್ಕ, ಇದು ನಿಜವಾಗಿ ಹೋಗ್ತದಲ್ಲ?"

"ಹೋಗದೆ? ನಿನ್ನ ಬಾಪ ಹಾಕಿಸದಿದ್ದರೆ ನಾನು ಅವರ ಗಡ್ಡ ಹಿಡಿದು ಹಾಕಿಸ್ತೇನೆ," ಎಂದೆ. ಅವಳು ಮತ್ತೆ ನಕ್ಕಳು. ಬೆವರಿದ ಅವಳ ಹಣೆಯನ್ನು ನನ್ನ ಸೆರಗಿನಿಂದ ಒರೆಸಿದೆ.

ಮಾತು ಕೊಟ್ಟ ಮೇಲೆ ಬಿಡುವವಳು ನಾನಲ್ಲ. ಎಂಟು ತಿಂಗಳು ತುಂಬುತ್ತ ಬಂದಾಗ ಪಾಗಾರದ ಬಳಿ ನಿಂತು ಮೊಯ್ದೀನಬ್ಬರ ಜೊತೆ ಜಗಳವೇ ಮಾಡಿದೆ. ಕಾರು ಹಿಡಿಯುವವರು ಕಂಕನಾಡಿಯವರೆಗೆ ಬಂದಿದ್ದಾರೆ, ಈ ವಾರ ಇತ್ತ ಬರುತ್ತಾರೆ, ಅವರು ನೋಡಿ ಹೋಗಲಿ, ಶುಕ್ರವಾರ ಕಳೆದ ಮೇಲೆ ಹಾಕುವ ಎಂದರು. ಕಮಾನನ್ನಾದರೂ ತೆಗೆದು ಒಮ್ಮೆ ನೋಡಿ ಎಂದೆ. ಉಪ್ಪಿನ ರಾಶಿ ಬಗೆದರೆ ಕೂಲಿಯವರ ಕಣ್ಣಿಗೆ ಬೀಳುತ್ತದೆ, ಬಂದರಿನಲ್ಲಿ ಬಾಯಿಗೆ ಬೀಗ ಇಲ್ಲ ಎಂದರು. ಪ್ರತಿಯೊಂದಕ್ಕೂ ಅವರ ಹತ್ತಿರ ಉತ್ತರ ತಯಾರು. ಹೆದರಿದವರಿಗೆ ಬುದ್ಧಿ ಬಹಳ ಓಡುತ್ತದೆ, ದಾರಿ ಮಾತ್ರ ತಪ್ಪುತ್ತದೆ. ನಾನು ಸಿಟ್ಟಿನಲ್ಲಿ ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಆ ಶುಕ್ರವಾರ ಬರಲೇ ಇಲ್ಲ. ಅದಕ್ಕೆ ಮುಂಚಿನ ಬುಧವಾರ ಬೆಳಗ್ಗೆ, ತಿಂಗಳು ತುಂಬುವ ಮೊದಲೇ, ಝುಬೈದಾಗೆ ನೋವು ಬಂತು.

ನಾನು ಒಲೆಯ ಮೇಲೆ ಗಂಜಿ ಬಿಟ್ಟು ಓಡಿದೆ. ಬಾಗಿ ಬಂದಳು, ಕೈ ತೊಳೆದು ನೋಡಿದಳು, ಮುಖ ಕಪ್ಪಾಯಿತು. ನನ್ನನ್ನು ಬಾಗಿಲ ಬಳಿ ಕರೆದು ಮೆಲ್ಲನೆ ಹೇಳಿದಳು: "ಮಗುವಿನ ಕೈ ಮುಂದೆ ಬಂದಿದೆ. ಇದು ನನ್ನಿಂದ ಆಗುವ ಹೆರಿಗೆ ಅಲ್ಲ. ಆಸ್ಪತ್ರೆಗೆ ಒಯ್ಯಿರಿ, ಈಗಲೇ."

ನಾನು ಹೊರಗೆ ಬಂದು ಮೊಯ್ದೀನಬ್ಬರಿಗೆ ಹೇಳಿದೆ. ಅವರು ಆಗಲಿ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ಏನೋ ಒಂದು ಮಾಡುತ್ತಾರೆ ಎಂದು ನಾನು ಒಳಗೆ ಹೋದೆ, ಝುಬೈದಾ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಅವರು ಏನು ಮಾಡಿದರೆಂದು ಆಮೇಲೆ ಗೊತ್ತಾಯಿತು. ಅವರ ಅಂಗಳದಲ್ಲಿ ಬಶೀರನ ಗಾಡಿ ನಿಂತಿತ್ತು, ಎತ್ತು ಕಟ್ಟಿತ್ತು, ಬೆಳಗ್ಗಿನ ಹೊತ್ತು ಗೋದಾಮಿಗೆ ಹೊರಟದ್ದು, ಖಾಲಿ. ಆ ಗಾಡಿಯನ್ನು ಅವರು ಬಂದರಿಗೆ ಕಳುಹಿಸಿದರು, ಕಮಾನು ತರಲಿಕ್ಕೆ.

ಒಳಗೆ ಹೊತ್ತು ಹೋಗುತ್ತಿತ್ತು. ಝುಬೈದಾ ನನ್ನ ಕೈ ಹಿಡಿದು ಹಿಂಡುತ್ತಿದ್ದಳು. ಬಾಗಿ ಎಣ್ಣೆ ತಿಕ್ಕಿದಳು, ಬಿಸಿನೀರಿನ ಬಟ್ಟೆ ಇಟ್ಟಳು, ಗೊಣಗಿದಳು. "ಕಾರು ಬಂತಾ?" ಎಂದು ಝುಬೈದಾ ಕೇಳಿದಾಗಲೆಲ್ಲ "ಬಂತು, ಬಂತು" ಎಂದೆ. ಹೊರಗೆ ಕಲ್ಲಿನ ಸದ್ದು ಕೇಳುತ್ತಿತ್ತು, ಜಾಕಿಯ ಸದ್ದು ಕೇಳುತ್ತಿತ್ತು. ಪೂವಪ್ಪ ಕೆಲಸ ಮಾಡುತ್ತಿದ್ದಾರೆ, ಇನ್ನೇನು ಆಗುತ್ತದೆ ಎಂದು ನಾನೂ ನಂಬಿದೆ. ಕೊನೆಗೆ ಬಾಗಿ ನನ್ನ ಮೇಲೆ ರೇಗಿದಳು. "ಎಂತ ಮಾಡ್ತಾ ಇದ್ದಾರೆ ಇವರು? ಮಂಚದಲ್ಲಿ ಹೊತ್ತುಕೊಂಡು ಹೋಗಿದ್ದರೂ ಇಷ್ಟು ಹೊತ್ತಿಗೆ ಮುಟ್ಟಿ ಆಗ್ತಿತ್ತು," ಎಂದಳು. ನಾನು ಹೊರಗೆ ಓಡಿದೆ.

ಶೆಡ್ಡಿನಲ್ಲಿ ಎಲ್ಲ ತಯಾರಾಗಿತ್ತು. ಬೋಲ್ಟುಗಳನ್ನು ಉಜ್ಜಿ ಸಾಲಾಗಿ ಇಟ್ಟಾಗಿತ್ತು, ಗ್ರೀಸು ತೆಗೆದಿಟ್ಟಾಗಿತ್ತು, ಪೆಟ್ರೋಲು ಹಾಕಿ ಆಗಿತ್ತು. ಹಿಂದಿನ ಸೀಟಿನ ಮೇಲೆ ಮೊಯ್ದೀನಬ್ಬ ತಾವೇ ಹಾಸಿಗೆ ಹಾಸಿ, ದಿಂಬು ಇಟ್ಟು, ಕಿಟಕಿಗೆ ಬಿಳಿ ಬಟ್ಟೆಯ ಪರದೆ ಕಟ್ಟಿದ್ದರು. ಕಮಾನು ಮಾತ್ರ ಇಲ್ಲ. ಮೊಯ್ದೀನಬ್ಬ ಗೇಟಿನ ಬಳಿ ನಿಂತು ರಸ್ತೆ ನೋಡುತ್ತಿದ್ದರು, ಪೂವಪ್ಪ ನೆಲದ ಮೇಲೆ ಕೂತಿದ್ದರು.

"ಕಮಾನು ಎಲ್ಲಿ?" ಎಂದೆ.

"ಬಶೀರ್ ತರಲಿಕ್ಕೆ ಹೋಗಿದ್ದಾನೆ," ಎಂದರು ಮೊಯ್ದೀನಬ್ಬ. "ಗಾಡಿಯಲ್ಲಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಂದರಿಗೆ ಹೋಗುವ ಗಾಡಿ ಆಸ್ಪತ್ರೆಯ ಗೇಟಿನ ಮುಂದೆಯೇ ಹೋಗಬೇಕು. ಖಾಲಿ ಗಾಡಿ.

"ಆ ಗಾಡಿಯಲ್ಲಿ ಹುಡುಗಿಯನ್ನು ಕೂರಿಸಲಿಕ್ಕೆ ಆಗ್ತಿರಲಿಲ್ವಾ?" ಎಂದು ಕೇಳಿದೆ. ನಾನು ಗಂಡನ ಕಡೆ ತಿರುಗಿದೆ. "ನೀವಾದರೂ ಹೇಳಲಿಕ್ಕೆ ಆಗಲಿಲ್ವಾ? ನಿಮ್ಮ ಬಾಯಲ್ಲಿ ಎಂತ ಮಣ್ಣು ಉಂಟಾ?" ಪೂವಪ್ಪ ಉಜ್ಜಿಟ್ಟ ಬೋಲ್ಟನ್ನೇ ಮತ್ತೆ ಉಜ್ಜತೊಡಗಿದರು. ಮರದ ತುಂಡು ಕಟ್ಟಿ ಹೇಗಾದರೂ ಓಡಿಸಿ ಎಂದೆ. ಚಕ್ರದ ಅಚ್ಚನ್ನು ಜಾಗದಲ್ಲಿ ಹಿಡಿಯುವುದೇ ಕಮಾನು, ಅದಿಲ್ಲದಿದ್ದರೆ ಗೇಟು ದಾಟುವಷ್ಟರಲ್ಲಿ ಚಕ್ರ ಹಿಂದೆ ಉಳಿಯುತ್ತದೆ ಎಂದರು. ಬೇರೆ ಗಾಡಿ ಹುಡುಕಿದರೆ, ಊರಿನ ಎತ್ತುಗಳೆಲ್ಲ ಸಂತೆಗೆ ಹೋಗಿದ್ದವು. ಇದ್ದಿಲಿನ ಹೊಗೆಯಿಂದ ಓಡುವ ಬೆಳಗ್ಗಿನ ಬಸ್ಸು ಯಾವಾಗಲೋ ಹೋಗಿತ್ತು. ಹೊರಲಿಕ್ಕೆ ನಾಲ್ಕು ಗಂಡಸರನ್ನು ಕರೆಯಿರಿ ಎಂದು ನಾನು ಹೇಳುತ್ತಿರುವಾಗಲೇ ಗಾಡಿಯ ಗೆಜ್ಜೆ ಕೇಳಿತು.

ಬಶೀರ್ ಎತ್ತುಗಳ ಬಾಯಲ್ಲಿ ನೊರೆ ಬರಿಸಿಕೊಂಡು ಬಂದಿದ್ದ. ಗೋಣಿಯ ಎರಡು ಕಟ್ಟುಗಳನ್ನು ಇಳಿಸಿದರು. ಪೂವಪ್ಪ ಕತ್ತಿಯಿಂದ ಹೊಲಿಗೆ ಹರಿದರು. ಒಳಗಿನ ಗೋಣಿ ಒದ್ದೆ. ಅದನ್ನು ಎಳೆದರೆ ಕೆಂಪು ಪುಡಿ ಉದುರಿತು, ಕುಂಕುಮದ ಭರಣಿ ಮಗುಚಿದ ಹಾಗೆ ಅಂಗಳವೆಲ್ಲ ಕೆಂಪಾಯಿತು. ಮದರಾಸಿನಿಂದ ಬಂದಾಗ ಕನ್ನಡಿಯಂತಿದ್ದ ಉಕ್ಕು ಸಿಡುಬು ಬಂದ ಮುಖವಾಗಿತ್ತು. ಪಟ್ಟಿಗೆ ಪಟ್ಟಿ ಅಂಟಿಕೊಂಡಿತ್ತು. ದೊಡ್ಡ ಪಟ್ಟಿಯ ತುದಿಯನ್ನು ಬಳೆಯ ಹಾಗೆ ಸುತ್ತಿರುತ್ತಾರೆ, ಅದರೊಳಗೆ ಪಿನ್ನು ಹೋಗಬೇಕು, ಆ ಬಳೆಯ ಬಾಯಿ ತುಕ್ಕಿನಿಂದ ಮುಚ್ಚಿಹೋಗಿತ್ತು.

ಮೊಯ್ದೀನಬ್ಬ ಬಗ್ಗಿ ಅದನ್ನು ಮುಟ್ಟಿದರು. ಬೆರಳನ್ನು ನೋಡಿಕೊಂಡರು. "ಉಪ್ಪಿನಲ್ಲಿ ಇಟ್ಟದ್ದಲ್ಲ," ಎಂದರು. ಇನ್ನೊಮ್ಮೆ ಅದನ್ನೇ ಹೇಳಿದರು.

ಪೂವಪ್ಪ ಅರ ಹಿಡಿದು ಬಳೆಯ ಬಾಯಿ ಉಜ್ಜಿದರು. ಪಿನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಹೋಗಲಿಲ್ಲ. ಸ್ವಲ್ಪ ಬಲವಾಗಿ ಹೊಡೆದರು. ಮೊಯ್ದೀನಬ್ಬ ಅವರ ಹೆಗಲು ಹಿಡಿದು "ಹೊಡಿ, ಹೊಡಿ ಮಾರಾಯ" ಎಂದರು. ಪೂವಪ್ಪ ಹೊಡೆದರು. ಠಣ್ ಎಂದು ದೊಡ್ಡ ಪಟ್ಟಿ ಬಳೆಯ ಬುಡದಲ್ಲಿ ತುಂಡಾಯಿತು. ಒಡೆದ ಬಾಯಿಯ ಒಳಗೂ ಕೆಂಪೇ ಇತ್ತು.

ನಾನು ಇನ್ನು ಯಾರನ್ನೂ ಕೇಳಲಿಲ್ಲ. ಕಾರಿನ ಹಾಸಿಗೆಯನ್ನು ಎಳೆದು ಗಾಡಿಗೆ ಹಾಕಿದೆ, ಪರದೆಯನ್ನು ಬಿಚ್ಚಿ ಗಾಡಿಯ ಹಿಂದೆ ಕಟ್ಟಿದೆ. ಬಾಗಿ, ನಾನು, ಬಶೀರ್ ಸೇರಿ ಝುಬೈದಾಳನ್ನು ಹೊದಿಕೆಯಲ್ಲಿ ಎತ್ತಿ ತಂದೆವು. ಮೊಯ್ದೀನಬ್ಬ ಎತ್ತುಗಳ ಮುಂದೆ ಬಂದು ಎರಡೂ ಕೈ ಅಡ್ಡ ಹಿಡಿದರು.

"ಗಾಡಿ ಬೇಡ. ಅಮ್ಮಣಿ, ಗಾಡಿ ಬೇಡ. ಇನ್ನೊಂದು ಕಮಾನು ಉಂಟಲ್ಲ, ಅದನ್ನು ನೋಡುವ."

"ದಾರಿ ಬಿಡಿ," ಎಂದೆ. "ನಿಮ್ಮ ಹೆಂಡತಿಯನ್ನು ಕೊಂದದ್ದು ಗಾಡಿ ಅಲ್ಲ, ತಡ. ಇವಳನ್ನೂ ಅದೇ ತಡ ಕೊಲ್ತಾ ಉಂಟು."

ಹೇಳಬಾರದ ಮಾತು ಎಂದು ಈಗ ಯಾರಾದರೂ ಹೇಳಬಹುದು. ಅದು ಸತ್ಯ, ಮತ್ತೆ ಸಿಕ್ಕಿದರೂ ಅದನ್ನೇ ಹೇಳುತ್ತೇನೆ. ಅವರು ಕದಲಲಿಲ್ಲ. ಗಾಡಿಯೊಳಗಿಂದ ಝುಬೈದಾಳ ಸ್ವರ ಬಂತು, ನೋವಿನ ನಡುವೆ ಒಂದು ಬಿಡುವು ಸಿಕ್ಕಿತ್ತೇನೋ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ಬಾಪ, ಪರವಾಗಿಲ್ಲ. ಗಾಡಿಯಾದರೆ ಗಾಡಿ." ಆಗ ಅವರ ಕೈ ಕೆಳಗೆ ಬಿತ್ತು.

ಬಶೀರ್ ಎತ್ತುಗಳನ್ನು ಹೊಡೆದ, ಆದರೆ ಅವು ಬಂದರಿಗೆ ಹೋಗಿ ಬಂದ ಎತ್ತುಗಳು, ಎಲ್ಲಿಯ ಓಟ. ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ಗಾಡಿಯ ಹಲಗೆಯಲ್ಲಿ ಉಪ್ಪಿನ ಹರಳುಗಳು, ತುಕ್ಕಿನ ಪುಡಿ. ಒಂದೊಂದು ಕುಲುಕಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಮೊಯ್ದೀನಬ್ಬ ಗಾಡಿಯ ಹಿಂದೆ ಬಿಸಿಲಿನಲ್ಲಿ ಚಪ್ಪಲಿಯಿಲ್ಲದೆ ಓಡಿ ಬರುತ್ತಿದ್ದರು, ಅವರ ಹಿಂದೆ ಪೂವಪ್ಪ. ಅವಳು ನನ್ನ ಮುಖ ನೋಡಿ "ಯಾವ ಊರು ಬಂತು, ಡ್ರೈವರ್?" ಎಂದಳು. ನಂತೂರು ಬಂದಿತ್ತು. ನಾನು ಮಲ್ಲಿಕಟ್ಟೆ ಎಂದು ಸುಳ್ಳು ಹೇಳಿದೆ.

ಇಳಿಜಾರಿನ ಅರ್ಧದಲ್ಲಿ ನನ್ನ ಕೈ ಹಿಡಿದಿದ್ದ ಅವಳ ಬೆರಳು ಸಡಿಲವಾಯಿತು. ನಾನು ಕೂಗಲಿಲ್ಲ. ಹಿಂದೆ ಓಡಿ ಬರುವವರಿಗೆ ಗೊತ್ತಾಗುವುದು ಬೇಡವೆಂದು ಪರದೆಯನ್ನು ಎಳೆದು ಮುಚ್ಚಿದೆ, ಎತ್ತು ಹೊಡೆಯುತ್ತಲೇ ಇರಲು ಬಶೀರನಿಗೆ ಹೇಳಿದೆ. ಆಸ್ಪತ್ರೆಯ ಕನ್ನಡಕದ ಡಾಕ್ಟರಮ್ಮ ಗಾಡಿಯ ಮೇಲೆಯೇ ನೋಡಿದರು. ಮಗುವೂ ಹೋಗಿತ್ತು. "ಬೆಳಗ್ಗೆ ತಂದಿದ್ದರೆ," ಎಂದು ಹೇಳಲು ಹೊರಟವರು ಮೊಯ್ದೀನಬ್ಬರ ಮುಖ ನೋಡಿ ಮಾತು ನುಂಗಿದರು.

ಮಣ್ಣು ಮಾಡಿ ಆಯಿತು. ಕೊಲಂಬೊಗೆ ಸುದ್ದಿ ಮುಟ್ಟಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಿಂಡಿಗೆ ಒಂದು ಹಲಗೆ ಅಡ್ಡ ಇಟ್ಟೆ. ಪೂವಪ್ಪ ಶೆಡ್ಡಿಗೆ ಹೋಗಲಿಲ್ಲ, ಊಟಕ್ಕೆ ಕರೆದರೂ ಆಯ್ತು ಎನ್ನಲಿಲ್ಲ, ಸುಮ್ಮನೆ ಬಂದು ಕೂತರು. ನಾನು ಅವರಿಗೂ ಏನೂ ಹೇಳಲಿಲ್ಲ. ಹೇಳಿ ಮುಗಿಯುವ ಸಿಟ್ಟಾಗಿರಲಿಲ್ಲ ಅದು.

ಬಿಸು ಹಬ್ಬದ ಹಿಂದಿನ ದಿನ ಕಾರು ಹಿಡಿಯುವವರು ಬಂದರು. ಒಬ್ಬ ಅಧಿಕಾರಿ, ಜೊತೆಗೆ ಒಬ್ಬ ಜವಾನ. ಅಧಿಕಾರಿ ಬಿಸಿಲಿಗೆ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕಲ್ಲಿನ ಮೇಲಿನ ಕಾರನ್ನು ಒಂದು ಸುತ್ತು ಹಾಕಿದ, ಮುಂದಿನ ತಗಡನ್ನು ಬೆರಳಿನಿಂದ ತಟ್ಟಿದ. ಮೊಯ್ದೀನಬ್ಬ ಗೇಟಿನ ಬಳಿ ನಿಂತಿದ್ದರು. ಅವರ ಬಾಯಿಯಿಂದ ತಿಂಗಳುಗಟ್ಟಲೆ ಕಲಿತಿಟ್ಟಿದ್ದ ಮಾತು ತಾನಾಗಿ ಬಂತು.

"ರಿಪೇರಿ ಆಗ್ತಾ ಉಂಟು. ಕಮಾನು ಇಲ್ಲ."

"ಕಮಾನು ಇದ್ದರೂ ಇದನ್ನು ಎಂತ ಮಾಡುವುದು ಸಾಹೇಬ್ರೇ?" ಎಂದ ಅಧಿಕಾರಿ, ಸಜ್ಜನನೇ. "ಇಷ್ಟು ಹಳೆಯ ಗಾಡಿ ನಮಗೆ ಬೇಡ. ಇದರ ಸಾಮಾನು ಎಲ್ಲಿಂದ ತರುವುದು? ಇಂಥವನ್ನು ನಾವು ಹಿಡಿಯುವುದೇ ಇಲ್ಲ."

"ಈಗ ಹಿಡಿಯುವುದಿಲ್ವಾ?"

"ಮೊದಲಿಂದಲೂ ಇಲ್ಲ. ನಿಮಗೆ ಯಾರು ಹೇಳಿದ್ದು?"

ಮೊಯ್ದೀನಬ್ಬ ಗೇಟನ್ನು ಪೂರ್ತಿ ತೆರೆದು ಹಿಡಿದರು. ಆಮೇಲೆ "ಆಯ್ತು" ಎಂದರು. ಅಧಿಕಾರಿ ಕುಡಿಯಲು ನೀರು ಕೇಳಿದ, ಅವರೇ ಒಳಗೆ ಹೋಗಿ ತಂದುಕೊಟ್ಟರು.

ನಾನು ಜಗಲಿಯಲ್ಲಿ ನಿಂತು ಎಲ್ಲ ಕೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಇದುವರೆಗೆ ಬಾಯಿ ಕಟ್ಟಿಕೊಂಡದ್ದು ಸಾಕು, ನಾಳೆ ಹೋಗಿ ಕೇಳಿಬಿಡುತ್ತೇನೆ ಎಂದು ನಿಶ್ಚಯಿಸಿದೆ. ಒಂದು ಮಾತು ವಿಚಾರಿಸದೆ, ಯಾರೋ ಬಂದರಿನವರು ಹೇಳಿದ್ದನ್ನು ನಂಬಿ, ನನ್ನ ಹುಡುಗಿಯನ್ನು ಎಂತ ಮಾಡಿದಿರಿ ಎಂದು. ಒಂದೊಂದು ಮಾತನ್ನೂ ಜೋಡಿಸಿಟ್ಟುಕೊಂಡೆ.

ಬೆಳಕು ಹರಿದಾಗ ಮೀನಿನ ಎಣ್ಣೆಯ ನಾತ ಬಂತು. ಎದ್ದು ಹೊರಗೆ ಬಂದೆ. ಮನೆ ಮನೆಯಲ್ಲಿ ಬಿಸುವಿಗೆ ಹಣ್ಣು, ಕಾಯಿ, ಕನ್ನಡಿಯ ಕಣಿ ಇಟ್ಟು, ಎದ್ದ ಕೂಡಲೇ ಅದಕ್ಕೆ ಕಣ್ಣು ತೆರೆಯುವ ಹೊತ್ತು. ಶೆಡ್ಡಿನ ಮಾಡಿನ ಮೇಲೆ ಕಾಗೆಗಳು. ಕಾರಿನ ಹಿಂದೆ ಮೊಯ್ದೀನಬ್ಬ ಕುಕ್ಕುರುಗಾಲಿನಲ್ಲಿ ಕೂತಿದ್ದರು, ಕೈಯಲ್ಲಿ ಅದೇ ಹಳೆಯ ಡಬ್ಬಿ. ಕಮಾನು ಇರಬೇಕಾದ ಖಾಲಿ ಜಾಗದ ತೂತುಗಳಿಗೆ, ಒಂದೊಂದಕ್ಕೇ, ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದರು. ಅಲ್ಲಿ ಬಿಚ್ಚಲಿಕ್ಕೆ ಏನೂ ಉಳಿದಿರಲಿಲ್ಲ. ಎಣ್ಣೆ ಮುರಕಲ್ಲಿನ ಮೇಲೆ ಇಳಿದು ಕಲ್ಲು ಕಪ್ಪಾಗಿತ್ತು.

ನನ್ನ ಹೆಜ್ಜೆಯ ಸದ್ದಿಗೆ ಅವರು ತಲೆ ಎತ್ತಿದರು.

"ನೆನೆಯಲಿ ಅಮ್ಮಣಿ," ಎಂದರು. "ಹೆರಿಗೆ ಬಿಸು ಕಳೆದ ಮೇಲಲ್ಲವಾ. ಹೊತ್ತು ಉಂಟು."

ಕೇಳಬೇಕೆಂದು ಜೋಡಿಸಿಟ್ಟಿದ್ದ ಮಾತುಗಳನ್ನು ಅಲ್ಲೇ ಬಿಟ್ಟೆ. ಎಣ್ಣೆ ತೂತಿಗೆ ಬೀಳದೆ ಆಚೀಚೆ ಚೆಲ್ಲುತ್ತಿತ್ತು. ನಾನು ಪಕ್ಕದಲ್ಲಿ ಕೂತು ಡಬ್ಬಿಯನ್ನು ಹಿಡಿದುಕೊಂಡೆ.